ಒಂದು ತೂತು ಮುಚ್ಚಿ ಇನ್ನೊಂದು ತೆರೆದ ಶುಕ್ರವಾರ

೧೯೭೯, ನವೆಂಬರ್ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ, ಕುವೈತಿನ ರುಮೈಥಿಯಾದಲ್ಲಿ ಒಂದು ಮನೆಯ ನಡುಕೋಣೆ. ಹಾಜರಿದ್ದವರು ನಾಲ್ವರು: ಮನೆಯ ಯಜಮಾನರಾದ ವೃದ್ಧ ಕುವೈತಿ ವ್ಯಾಪಾರಿ, ಹವಲ್ಲಿಯಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ನನ್ನ ಗೆಳತಿ, ಅವಳ ತಂದೆ, ಮತ್ತು ನಾನು.

ವಾರ್ಡಿನಲ್ಲಿ ಪಾಳಿ ಬದಲಾಗುವಾಗ ವರದಿ ಹೀಗೆಯೇ ಶುರುವಾಗಬೇಕೆಂದು ನಮಗೆ ನರ್ಸಿಂಗ್ ಕಲಿಸಿದ ಕನ್ಯಾಸ್ತ್ರೀಯರು ಹೇಳಿಕೊಟ್ಟಿದ್ದರು. ಮೊದಲು ದಿನ, ಗಂಟೆ, ಯಾರಿದ್ದರು, ಆಮೇಲೆ ಏನಾಯಿತು. ಏನನ್ನಿಸಿತು ಎಂಬುದಕ್ಕೆ ಆ ವರದಿಯಲ್ಲಿ ಜಾಗವಿರಲಿಲ್ಲ. ಇಲ್ಲಿ ಅದಕ್ಕೂ ಸ್ವಲ್ಪ ಜಾಗ ಕೊಡುತ್ತೇನೆ.

ಗೆಳತಿಯ ತಂದೆಯನ್ನು ನಾನು ಬಾಪ್ಪು ಎಂದು ಕರೆಯುತ್ತಿದ್ದೆ. ಮಂಗಳೂರು ಕಡೆಯ ನಮ್ಮ ಕೊಂಕಣಿ ಮನೆಗಳಲ್ಲಿ ಚಿಕ್ಕಪ್ಪನಿಗೆ ಹಾಗೆನ್ನುತ್ತಾರೆ. ಅವರಿಗೆ ನಾವಿಬ್ಬರೂ ‘ಬಾಯೆ’, ಅಂದರೆ ಮಗಳೆ. ಹೆಂಡತಿ ತೀರಿಕೊಂಡ ಮೇಲೆ ಮಗಳು ಅವರನ್ನು ಕುವೈತಿಗೆ ಕರೆಸಿಕೊಂಡಿದ್ದಳು. ಎಪ್ಪತ್ತೈದು ದಾಟಿದ್ದರು. ಕೈ ನಡುಗುತ್ತಿತ್ತು, ಚಹಾದ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿಯುತ್ತಿದ್ದರು. ಕಣ್ಣು ಮಾತ್ರ ಚುರುಕಾಗಿತ್ತು, ಕಿವಿ ಅದಕ್ಕಿಂತ ಚುರುಕು. ಲಿಫ್ಟಿನ ಸದ್ದು ಕೇಳಿಯೇ ಅದು ಯಾವ ಮಹಡಿಯಲ್ಲಿ ನಿಂತಿತೆಂದು ಹೇಳುತ್ತಿದ್ದರು.

ಅವರ ಸಂಗೀತ ಇಗರ್ಜಿಯ, ಅಂದರೆ ಊರಿನ ಚರ್ಚಿನ, ಹಾರ್ಮೋನಿಯಂನಿಂದ ಶುರುವಾಗಿತ್ತು. ಹುಡುಗನಾಗಿದ್ದಾಗಲೇ ಬೊಂಬಾಯಿಗೆ ಹೋದರು. ಅದು ಮೂಕಿ ಚಿತ್ರಗಳ ಕಾಲ. ಪರದೆಯ ಕೆಳಗೆ, ಕತ್ತಲಲ್ಲಿ ಕುಳಿತು ಪಿಯಾನೊ ನುಡಿಸುವ ಕೆಲಸ ಸಿಕ್ಕಿತು. ಪರದೆಯ ಮೇಲೆ ಕುದುರೆ ಓಡಿದರೆ ಬೆರಳೂ ಓಡಬೇಕು, ಹೆಂಗಸು ಅತ್ತರೆ ಪಿಯಾನೊ ಕೂಡ ಅಳಬೇಕು. ಅಲ್ಲಿಂದ ಹಡಗಿನ ಬ್ಯಾಂಡಿಗೆ ಸೇರಿದರು. ಒಮ್ಮೆ ಹಡಗು ರಿಪೇರಿಗೆಂದು ಅಮೆರಿಕದ ಒಂದು ಬಂದರಿನಲ್ಲಿ ಕೆಲವು ವಾರ ನಿಂತಿತು. ಆ ಊರಲ್ಲಿ ತಾನಾಗಿ ನುಡಿಯುವ ಪಿಯಾನೊಗಳಿಗೆ ಕಾಗದದ ಸುರುಳಿ ಮಾಡುವ ಕಾರ್ಖಾನೆಯಿತ್ತು. ಬಾಪ್ಪು ಅಲ್ಲಿಗೆ ಹೋಗಿ ನುಡಿಸಿ ತೋರಿಸಿದರು. ಕೆಲಸ ಕೊಟ್ಟರು.

ಆ ಕೆಲಸದ ರೀತಿಯನ್ನು ಅವರು ನನಗೆ ಎಷ್ಟೋ ಸಲ ವಿವರಿಸಿದ್ದರು. ನುಡಿಸುವವನ ಪಿಯಾನೊದಿಂದ ಪಕ್ಕದ ಯಂತ್ರಕ್ಕೆ ತಂತಿಗಳು ಹೋಗಿರುತ್ತವೆ. ಅಲ್ಲಿ ಅಗಲವಾದ ಕಾಗದ ನಿಧಾನವಾಗಿ ಸರಿಯುತ್ತಿರುತ್ತದೆ. ಬೆರಳಿನಡಿಯ ಬಿಳಿ ಕರಿ ಪಟ್ಟಿಗಳಿಗೆ ಅವರು ಮನೆ ಎನ್ನುತ್ತಿದ್ದರು. ಒಂದು ಮನೆ ಒತ್ತಿದರೆ ಅದರ ಪೆನ್ಸಿಲು ಕಾಗದದ ಮೇಲೆ ಗೆರೆ ಎಳೆಯುತ್ತದೆ, ಬೆರಳು ಎತ್ತಿದರೆ ಗೆರೆ ನಿಲ್ಲುತ್ತದೆ. ಆಮೇಲೆ ಕೆಲಸಗಾರರು ಆ ಗೆರೆಗಳನ್ನು ಉಳಿಯಿಂದ ಕೊರೆದು ತೂತು ಮಾಡುತ್ತಾರೆ. ಆ ಕಾಗದವನ್ನು ಮನೆಯ ಪಿಯಾನೊಗೆ ಹಾಕಿ ಪೆಡಲು ತುಳಿದರೆ, ತೂತು ಬಂದಲ್ಲಿ ಗಾಳಿ ಒಳಗೆ ಹೋಗಿ, ಆ ಮನೆ ತಾನೇ ಕೆಳಗಿಳಿಯುತ್ತದೆ.

ಬಾಪ್ಪು ನುಡಿಸಿದ ಕೆಲವು ಕುಣಿತದ ಧಾಟಿಗಳು ಹಾಗೆ ಸುರುಳಿಯಾಗಿ ಮಾರಾಟವಾದವು. ಡಬ್ಬಿಯ ಮೇಲೆ ಅವರ ಹೆಸರಿರಲಿಲ್ಲ. ಕಾರ್ಖಾನೆಯವರು ಇಟ್ಟ ಯಾವುದೋ ಹೆಸರಿತ್ತು. ಕೊನೆಯದೊಂದು ಮಾತ್ರ ಅವರ ಸ್ವಂತದ್ದು. ನಮ್ಮಲ್ಲಿ ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರವಿದೆ. ಆಗ ಹೆಂಗಸರು ಹಾಡುವ ಒಂದು ಧಾಟಿಯನ್ನು ಅವರು ವಾಲ್ಟ್ಸ್ ಕುಣಿತಕ್ಕೆ ಹೊಂದಿಸಿದ್ದರು. ಅದನ್ನು ಅವರ ಹೆಸರಿನಲ್ಲೇ ತರುವುದಾಗಿ ಕಾರ್ಖಾನೆಯವರು ಒಪ್ಪಿದ್ದರು. ಮೊದಲ ಪ್ರತಿ ಕೊರೆದು, ರಾತ್ರಿ ಕಣ್ಣಲ್ಲೇ ಓದಿಕೊಂಡು ಬಾ, ಬೆಳಿಗ್ಗೆ ಕೇಳಿಸುತ್ತೇವೆ, ತಪ್ಪಿದ್ದಲ್ಲಿ ತಿದ್ದೋಣ, ಆಮೇಲೆ ಮಾರಾಟಕ್ಕೆ ಎಂದು ಕೊಟ್ಟು ಕಳಿಸಿದರು. ಹಡಗು ಬೆಳಗಾಗುವ ಮೊದಲೇ ಹೊರಟುಬಿಟ್ಟಿತು.

ಸುರುಳಿ ಅವರ ಪೆಟ್ಟಿಗೆಯಲ್ಲೇ ಉಳಿಯಿತು. ಮತ್ತೆ ಆ ಬಂದರಿಗೆ ಹೋಗುವ ಯೋಗ ಬರಲಿಲ್ಲ. ಮಾತಾಡುವ ಸಿನೆಮಾ ಬಂತು, ರೇಡಿಯೊ ಬಂತು. ಪರದೆಯ ಕೆಳಗಿನ ಕೆಲಸವೂ ಹೋಯಿತು, ಸುರುಳಿಯ ಕಾರ್ಖಾನೆಗಳೂ ಮುಚ್ಚಿದವು. ಬಾಪ್ಪು ಊರಿಗೆ ಬಂದು ಇಗರ್ಜಿಯಲ್ಲಿ ಹಾರ್ಮೋನಿಯಂ ನುಡಿಸಿಕೊಂಡು, ಒಂದು ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರಾಗಿ ಬಾಳಿದರು. ವರ್ಷಕ್ಕೊಮ್ಮೆ ಸುರುಳಿ ಬಿಚ್ಚಿ ನೋಡುತ್ತಿದ್ದರು. ಇಲ್ಲಿ ಹೀಗಿರಬೇಕಿತ್ತು, ಅಲ್ಲಿ ಹಾಗಿರಬೇಕಿತ್ತು ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ತಮ್ಮ ಕೈಯ ಆ ನುಡಿಕೆಯನ್ನು ಒಮ್ಮೆಯೂ ಕಿವಿಯಿಂದ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಆಗಬೇಕಾಗಿದ್ದ ತಿದ್ದುಪಡಿಯನ್ನು ಮಾಡಿ ಮುಗಿಸಬೇಕು. ಅವರಿಗೆ ಬೇಕಾಗಿದ್ದದ್ದು ಇಷ್ಟೇ.

ಆ ಕಾಲದಲ್ಲಿ ನಾನು ರುಮೈಥಿಯಾದ ಆ ವೃದ್ಧ ವ್ಯಾಪಾರಿ ಹಾಜಿಯವರ ಮನೆಗೆ ಅವರ ಕಾಲಿನ ಹುಣ್ಣಿಗೆ ಡ್ರೆಸಿಂಗ್ ಮಾಡಲು ಹೋಗುತ್ತಿದ್ದೆ. ಅವರ ತಂದೆ ಬೊಂಬಾಯಿಯಲ್ಲಿ ಮುತ್ತಿನ ವ್ಯಾಪಾರ ಮಾಡಿದವರು. ಹಾಜಿ ಬೆಳೆದದ್ದೂ ಅಲ್ಲೇ. ಬೊಂಬಾಯಿಯ ಹಿಂದಿಯನ್ನು ನನಗಿಂತ ಚೆನ್ನಾಗಿ ಆಡುತ್ತಿದ್ದರು. ಅವರ ನಡುಕೋಣೆಯಲ್ಲಿ ಬೊಂಬಾಯಿಯಿಂದ ಹಡಗಿನಲ್ಲಿ ಬಂದ ಒಂದು ಪಿಯಾನೊ ಇತ್ತು. ಅದರ ಎದೆಯ ಮೇಲೆ ಸರಿಸುವ ಪುಟ್ಟ ಬಾಗಿಲುಗಳಿದ್ದವು. ಔಷಧಿ ಇಡುವ ಕಪಾಟೇನೋ ಎಂದು ನಾನು ತೆರೆದು ನೋಡಿದ್ದೆ. ಒಳಗೆ ಒಂದು ಖಾಲಿ ಉರುಳೆ, ಅದರ ಮೇಲ್ಗಡೆ ಸಾಲು ತೂತುಗಳ ಹಿತ್ತಾಳೆಯ ಪಟ್ಟಿ. ಒಂದು ಸಂಜೆ ಚಹಾ ಕುಡಿಯುವಾಗ ಇದನ್ನು ಬಾಪ್ಪುವಿಗೆ ಹೇಳಿದೆ. ಅವರು ಲೋಟ ಕೆಳಗಿಟ್ಟರು. ಮತ್ತೆ ಎತ್ತಲಿಲ್ಲ.

ಸುರುಳಿಯನ್ನು ಆ ಪಿಯಾನೊದಲ್ಲಿ ನುಡಿಸಿ ನೋಡಬಹುದೇ ಎಂದು ಕೇಳಿದಾಗ ಹಾಜಿ ಸಂತೋಷದಿಂದ ಒಪ್ಪಿದರು. ಪಿಯಾನೊದ ಒಳಗಿನ ರಬ್ಬರ್ ನಳಿಕೆಗಳು ಶಾಖಕ್ಕೆ ಪುಡಿಯಾಗಿದ್ದವು. ಕೆಲವು ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿಕೊಂಡು ಹೋಗಿ, ಬಾಪ್ಪು ಕುರ್ಚಿಯಲ್ಲಿ ಕುಳಿತು ಹೇಳಿದಂತೆ, ನಾನೂ ಗೆಳತಿಯೂ ಅವನ್ನು ಬದಲಾಯಿಸಿದೆವು. ಗಾಳಿ ಹೀರುವ ತಿದಿಯ ಬಟ್ಟೆ ಬಿರಿದಲ್ಲಿ ಹೊಸ ಬಟ್ಟೆ ಅಂಟಿಸಿದೆವು. ಅಷ್ಟರಲ್ಲಿ ಹಾಜಿಯವರ ಮಗ ಮನೆ ಕೆಡವಿ ಹೊಸದು ಕಟ್ಟಿಸುವುದೆಂದು ತೀರ್ಮಾನಿಸಿದ. ನವೆಂಬರಿನ ಆ ಶುಕ್ರವಾರದ ಮರುದಿನವೇ ಪಿಯಾನೊ ಗೋದಾಮಿಗೆ ಹೋಗುವುದಿತ್ತು. ಹಾಗಾಗಿ ನಮಗೆ ಉಳಿದದ್ದು ಆ ಒಂದು ಶುಕ್ರವಾರ.

ಕಾರಿನಲ್ಲಿಯೇ ತಂದೆ ಮಗಳಿಗೆ ಜಗಳ ಶುರುವಾಗಿತ್ತು. ಒಳಗೆ ಬಂದ ಮೇಲೂ ನಿಲ್ಲಲಿಲ್ಲ.

“ಕೇಳುವುದು ಸರಿ ಪಪ್ಪಾ. ಕತ್ತರಿಸುವುದು ಯಾಕೆ? ಲೋಕದಲ್ಲಿ ಇರುವುದು ಇದೊಂದೇ. ಹರಿದರೆ ಎಂತ ಮಾಡುವುದು?”

“ಹರಿದರೆ ನಿನಗೆ ಒಳ್ಳೆಯದೇ. ಪೆಟ್ಟಿಗೆಯಲ್ಲಿ ಜಾಗ ಆಯಿತು ಅಂತ ಹೇಳುತ್ತಿ.”

“ನಾನು ಯಾವಾಗ ಹಾಗೆ ಹೇಳಿದ್ದು?”

“ಪ್ಲೇನ್ ಹತ್ತುವ ದಿನ. ಇದರ ಬದಲು ಎರಡು ಕಿಲೊ ಕುಚ್ಚಲಕ್ಕಿ ಹಿಡಿಯುತ್ತಿತ್ತು ಅಂತ ಹೇಳಿದ್ದು ಯಾರು ಮತ್ತೆ?”

ಹಾಜಿಗೆ ಭಾಷೆ ತಿಳಿಯದಿದ್ದರೂ ಜಗಳ ತಿಳಿಯಿತು. “ಸಿಸ್ಟರ್, ಎಲ್ಲ ಮನೆಯಲ್ಲೂ ಇದೇ ರೆಕಾರ್ಡು” ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ಆಮೇಲೆ ಬಾಪ್ಪುವಿನ ಕಡೆ ತಿರುಗಿ, “ಚಲೋ ಭಾಯಿ, ಯಲ್ಲಾ. ಜುಮ್ಮಾ ನಮಾಜಿಗೆ ಮೊದಲು ಒಂದು ಸಲ ಕೇಳೋಣ” ಎಂದರು.

ಬಾಪ್ಪುವಿನ ಮೊಣಕಾಲಿಗೆ ಪೆಡಲು ತುಳಿಯುವ ಶಕ್ತಿಯಿರಲಿಲ್ಲ. ಗೆಳತಿ ಕುಳಿತಳು. ನಾನು ಸುರುಳಿಯನ್ನು ಮೇಲಿನ ಕೊಂಡಿಗಳ ನಡುವೆ ಕೂರಿಸಿ, ಕಾಗದದ ತುದಿಯನ್ನು ಕೆಳಗಿನ ಉರುಳೆಗೆ ಸಿಕ್ಕಿಸಿದೆ. ಅವಳು ತುಳಿದಳು. ಮುದುಕರ ಉಬ್ಬಸದಂತಹ ಸದ್ದು ಬಂತು. ಕಾಗದ ಸರಿಯಿತು. ಸ್ವರಗಳು ಒಂದರ ಮೇಲೊಂದು ಬಿದ್ದು ಓಡಿದವು.

“ನಿಲ್ಲಿಸು, ನಿಲ್ಲಿಸು! ಹೊಲಿಗೆ ಮಿಶಿನ್ ತುಳಿಯುವ ಹಾಗೆ ತುಳಿಯುವುದಾ?”

“ನೀವು ಕಲಿಸಿದ್ದೀರಾ ನನಗೆ?”

ಊರಿನ ಅವರ ಮನೆಯಲ್ಲಿ ಪಿಯಾನೊ ಇರಲಿಲ್ಲ. ಇಗರ್ಜಿಯ ಕೀರ್ತನೆ ಬಿಟ್ಟು ತಂದೆ ಏನನ್ನೂ ನುಡಿಸಿದ್ದನ್ನು ಅವಳು ಕೇಳಿರಲಿಲ್ಲ. ಹಾಜಿ ಮುಂದೆ ಬಂದು, ಹುಣ್ಣಿಲ್ಲದ ಕಾಲಿನಿಂದ ನೆಲದ ಮೇಲೆ ತೋರಿಸಿದರು. ಚಿಕ್ಕಂದಿನಲ್ಲಿ ಬೊಂಬಾಯಿಯಲ್ಲಿ ಇದೇ ಪೆಡಲನ್ನು ತುಳಿದವರು ಅವರು. “ಉಯ್ಯಾಲೆ ತೂಗಿದ ಹಾಗೆ, ಬೇಟಿ. ಒಂದು ಹೋಗುತ್ತದೆ, ಇನ್ನೊಂದು ಬರುತ್ತದೆ. ಅವಸರ ಇಲ್ಲ.” ವೇಗದ ಸಣ್ಣ ಹಿಡಿಯನ್ನೂ ಅವರೇ ಸರಿಸಿಕೊಟ್ಟರು.

ಗೆಳತಿ ಕಾಗದವನ್ನು ಹಿಂದಕ್ಕೆ ಸುತ್ತಿ ಮತ್ತೆ ಶುರು ಮಾಡಿದಳು.

ಮುಂದೆ ಆದದ್ದನ್ನು ಇದ್ದ ಹಾಗೆ ಬರೆಯಲು ನೋಡುತ್ತೇನೆ. ಮೊದಲು ಎಡಗಡೆಯ ಒಂದು ಮನೆ ಕೆಳಗಿಳಿಯಿತು. ಅದರ ಹತ್ತಿರ ಯಾರ ಬೆರಳೂ ಇರಲಿಲ್ಲ. ಮತ್ತೆ ನಡುವೆ ಎರಡು, ಮತ್ತೆರಡು. ಆಮೇಲೆ ಬಲಗಡೆಯಿಂದ ಧಾಟಿ ಹೊರಟಿತು. ರೋಸ್ ಶಾಸ್ತ್ರದಲ್ಲಿ ನನ್ನ ತಲೆಗೆ ತೆಂಗಿನ ಹಾಲು ಸುರಿಯುವಾಗ ನನ್ನ ಅಮ್ಮ, ಚಿಕ್ಕಮ್ಮಂದಿರು ಹಾಡಿದ ಅದೇ ಧಾಟಿ. ಅದು ರುಮೈಥಿಯಾದಲ್ಲಿ, ಗಚ್ಚು ಉದುರುತ್ತಿದ್ದ ಗೋಡೆಗಳ ನಡುವೆ, ಬಿಳಿ ಮನೆಗಳನ್ನು ಒಂದೊಂದಾಗಿ ತಗ್ಗಿಸುತ್ತ ನಡೆದುಬಂತು. ಮನೆಗಳು ಒತ್ತಿಕೊಳ್ಳುತ್ತಿದ್ದ ರೀತಿಯಲ್ಲಿ ಬೆರಳಿನ ಸ್ವಭಾವ ಕಾಣುತ್ತಿತ್ತು. ಕಿರುಬೆರಳು ಎಟುಕಿಸಿಕೊಳ್ಳುವಲ್ಲಿ ಚೂರು ತಡ, ದಾಟಿದ ಮೇಲೆ ಚೂರು ಜಂಬ. ಪ್ರಾಯದ ಹುಡುಗನೊಬ್ಬ ಆ ಪೀಠದ ಮೇಲೆ ಕುಳಿತಿದ್ದಾನೆ, ನಮಗೆ ಕಾಣುತ್ತಿಲ್ಲ, ಅಷ್ಟೇ ಎನ್ನಿಸಿತು. ಹೆರಿಗೆ ವಾರ್ಡಿನಲ್ಲಿ ಎಷ್ಟೋ ಮೊದಲ ಉಸಿರುಗಳನ್ನು ಕೇಳಿದವಳು ನಾನು. ಕೆಲಸದ ನಡುವೆ ಕೈಕಟ್ಟಿ ನಿಲ್ಲುವ ಅಭ್ಯಾಸ ನನಗಿಲ್ಲ. ಆ ದಿನ ನಿಂತೆ.

ಹಾಜಿ “ಸುಭಾನಲ್ಲಾ” ಎಂದು ಮೆಲ್ಲಗೆ ಹೇಳಿ, ತಲೆಯ ಮೇಲಿನ ಬಟ್ಟೆಯನ್ನು ಸರಿಪಡಿಸಿಕೊಂಡರು, ದೊಡ್ಡವರು ಯಾರೋ ಒಳಗೆ ಬಂದ ಹಾಗೆ.

ಧಾಟಿ ಎರಡನೆಯ ಸಲ ತಿರುಗುವಲ್ಲಿ ಎಡಗೈಯ ಒಂದು ಸ್ವರ ಕರ್ಕಶವಾಗಿ ಬಿತ್ತು. ನಮ್ಮಂಥವರಿಗೂ ಗೊತ್ತಾಗುವಂತಿತ್ತು. ಬಾಪ್ಪುವಿನ ಭುಜ ಒಮ್ಮೆ ಸೆಟೆಯಿತು. ಸುರುಳಿ ಕೊನೆಯವರೆಗೂ ನಡೆಯಿತು. ಮುಗಿದ ಮೇಲೆ ಗೆಳತಿ ಪೆಡಲಿನಿಂದ ಕಾಲು ತೆಗೆಯಲಿಲ್ಲ. ಬೆವರಿದ್ದಳು.

“ಪಪ್ಪಾ, ಇದು ನೀವಾ?” ಎಂದಳು.

“ಆಗ ಹೌದು” ಎಂದರು ಬಾಪ್ಪು.

ಹಾಜಿ ನಮಾಜಿಗೆ ಹೊರಟರು. ನಾನು ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಸುರುಳಿಯನ್ನು ಬಿಚ್ಚಿ, ಎರಡು ಕಡೆಯೂ ಭಾರವಿಟ್ಟೆ. ಸ್ಪಿರಿಟಿನಲ್ಲಿ ಒರೆಸಿದ ಹೊಸ ಬ್ಲೇಡು, ಚಿಮ್ಮಟ, ಸಣ್ಣ ಸ್ಕೇಲು, ಟೇಪು ಇಷ್ಟನ್ನು ಬಲಗಡೆ ಸಾಲಾಗಿ ಜೋಡಿಸಿದೆ. ಅಂಚಿನ ಉದ್ದಕ್ಕೂ ಬಾಪ್ಪುವಿನ ಪೆನ್ಸಿಲ್ ಗುರುತುಗಳಿದ್ದವು. ಒಂದರ ಮೇಲೊಂದು, ಬೇರೆ ಬೇರೆ ವರ್ಷಗಳ ಅಕ್ಷರ. ಕೆಲವು ಕಡೆ ಹಳೆಯ ಗುರುತನ್ನೇ ಹೊಸ ಗುರುತು ತಿದ್ದಿತ್ತು. ಇಷ್ಟನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಮಾಡುವುದು ಹೇಗೆಂದು ನನಗೆ ಚಿಂತೆಯಾಯಿತು.

“ಯಾವುದರಿಂದ ಶುರು, ಬಾಪ್ಪು?”

ಅವರು ಮೂಗಿನ ಮೇಲೆ ಕನ್ನಡಕ ಸರಿಸಿ ಕಾಗದದ ಉದ್ದಕ್ಕೂ ನೋಡುತ್ತ ಹೋದರು. ಒಂದು ಗುರುತಿನ ಮೇಲೆ ಬೆರಳಿಟ್ಟು, ಹಾಡನ್ನು ಗುನುಗಿ, ತಲೆ ಅಲ್ಲಾಡಿಸಿ ಮುಂದೆ ಸರಿದರು. ಇನ್ನೊಂದರಲ್ಲೂ ಹಾಗೆಯೇ. ಗೆಳತಿ ನನ್ನ ಮುಖ ನೋಡಿದಳು.

“ಇಲ್ಲಿ ನಾನು ನಿಧಾನ ಮಾಡಬೇಕು ಅಂತ ಬರೆದಿದ್ದೇನೆ” ಎಂದರು ಕೊನೆಗೆ, ಮಗಳ ಕಡೆ ತಿರುಗಿ. “ನಿನ್ನಮ್ಮ ತೀರಿಕೊಂಡ ವರ್ಷ ಬರೆದದ್ದು. ಆದರೆ ಆ ಹುಡುಗ ನಿಧಾನ ಮಾಡಲಿಲ್ಲ. ಕೇಳಿದ್ದೀಯಲ್ಲ, ಅವ ಓಡಿದ್ದೇ ಚಂದ ಉಂಟು. ಇಲ್ಲಿ ಎರಡು ಸ್ವರ ಜಾಸ್ತಿ ಆಯಿತು ಅಂತ ಬರೆದೆ. ಎಂತ ಜಾಸ್ತಿ? ಏನೂ ಇಲ್ಲ. ಇವನ್ನೆಲ್ಲ ಬರೆದದ್ದು ಒಬ್ಬ ಗುಮಾಸ್ತ, ಬಾಯೆ.”

“ಹಾಗಾದರೆ ಮುಟ್ಟುವುದು ಬೇಡ ಅಲ್ಲವಾ?” ಗೆಳತಿಯ ದನಿಯಲ್ಲಿ ಆಸೆಯಿತ್ತು.

“ಒಂದು ಮುಟ್ಟಬೇಕು. ಎಡಗೈಯ ಆ ಸ್ವರ. ಅದನ್ನು ಅವನೂ ತಿದ್ದುತ್ತಿದ್ದ, ಬೆಳಿಗ್ಗೆ ಬಂದ ಕೂಡಲೇ. ಅದು ಬಿಟ್ಟು ಬೇರೆ ಯಾವುದಕ್ಕೂ ನನಗೆ ಅಧಿಕಾರ ಇಲ್ಲ.”

ಗೆಳತಿ, ಹಾಗಾದರೆ ನಾನೇ ಹಿಡಿದುಕೊಳ್ಳುತ್ತೇನೆ ಎಂದು ಎರಡೂ ಅಂಗೈಗಳನ್ನು ಕಾಗದದ ಮೇಲೆ ಚಪ್ಪಟೆಯಾಗಿ ಇಟ್ಟಳು.

ಆಪರೇಷನ್ ಥಿಯೇಟರಿನಲ್ಲಿ ಬ್ಲೇಡು ಎತ್ತುವ ಮೊದಲು ಜಾಗವನ್ನು ಬಾಯಿಬಿಟ್ಟು ಹೇಳುವ ಕ್ರಮವಿತ್ತು. ನಾನು ಹೇಳಿದೆ: ಈ ತೂತು ಮುಚ್ಚುವುದು, ಇದರ ಬಲಕ್ಕಿರುವ ಮನೆಯ ಸಾಲಿನಲ್ಲಿ ಇಷ್ಟೇ ಉದ್ದದ ತೂತು ತೆರೆಯುವುದು. ಬಾಪ್ಪು ಮುಖ ಮುಂದೆ ಮಾಡಿ ನೋಡಿ, “ಆಮೆನ್” ಎಂದರು. ಸ್ಕೇಲು ಇಟ್ಟು ಕೊಯ್ದೆ. ಕಾಗದ ಒಣಗಿದ ಹಪ್ಪಳದಂತಿತ್ತು. ಬ್ಲೇಡನ್ನು ಎಳೆಯದೆ ಮೇಲಿನಿಂದ ಒತ್ತುತ್ತ ಹೋದೆ. ಕೊಯ್ದ ಚೂರನ್ನು ಚಿಮ್ಮಟದಿಂದ ಎತ್ತಿದಾಗ ಅದು ಅಕ್ಕಿಯ ಕಾಳಿಗಿಂತ ಸ್ವಲ್ಪ ಉದ್ದವಿತ್ತು. ಒಂದು ಸ್ವರ ಅಷ್ಟೇ ಜಾಗ ತೆಗೆದುಕೊಳ್ಳುತ್ತದೆ ಎಂದು ನೋಡುತ್ತ ಉಳಿದೆ. ತಪ್ಪು ತೂತಿನ ಮೇಲೆ ನನ್ನ ಬಳಿಯಿದ್ದ ಅತಿ ಒಳ್ಳೆಯ ಟೇಪನ್ನು, ಚರ್ಮಕ್ಕೆ ಹಚ್ಚುವ ಕಾಗದದ ಟೇಪನ್ನು, ಸುಕ್ಕಿಲ್ಲದಂತೆ ಅಂಟಿಸಿದೆ.

ಹಾಜಿ ಹಿಂದಿರುಗುವಷ್ಟರಲ್ಲಿ ಸುರುಳಿ ಮತ್ತೆ ಪಿಯಾನೊದಲ್ಲಿತ್ತು. ಗೆಳತಿ ಈಗ ಉಯ್ಯಾಲೆ ತೂಗುವಂತೆ ತುಳಿಯುತ್ತಿದ್ದಳು. ಆ ತಿರುವು ಬಂತು. ಸರಿಯಾದ ಸ್ವರ ಬಿತ್ತು. ಅದರ ಬೆನ್ನಿಗೇ, ಒಂದು ಉಸಿರು ತಡವಾಗಿ, ತಪ್ಪು ಸ್ವರವೂ ಸಣ್ಣಗೆ ನರಳಿತು.

ನಾನು ಸುರುಳಿ ಹಿಂದಕ್ಕೆ ಸುತ್ತಿಸಿ ಟೇಪನ್ನು ಒತ್ತಿ ನೋಡಿದೆ. ಎಲ್ಲೂ ಎದ್ದಿರಲಿಲ್ಲ. ಇನ್ನೊಮ್ಮೆ ನುಡಿಸಿದರೂ ಅದೇ ನರಳಿಕೆ.

“ಭೂತ ಬಿಡುವುದಿಲ್ಲ” ಎಂದರು ಹಾಜಿ.

ಆಗ ನನಗೆ ಹೊಳೆಯಿತು. ಆ ಟೇಪು ಒಳ್ಳೆಯದೆನ್ನುವುದೇ ಅದು ಉಸಿರಾಡುತ್ತದೆ ಎಂಬ ಕಾರಣಕ್ಕೆ. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು; ಕೆಳಗಿನ ಚರ್ಮ ಬೆವೆತು ಕೊಳೆಯಬಾರದೆಂದು ಹಾಗೆ ಮಾಡಿರುತ್ತಾರೆ. ಗಾಳಿ ಹೀರುವ ಯಂತ್ರ ಅದರ ಮೂಲಕವೂ ಹೀರುತ್ತಿತ್ತು. ಗಾಯವಾಗಿದ್ದರೆ ಆ ಟೇಪೇ ಸರಿ. ಇದು ಗಾಯವಾಗಿರಲಿಲ್ಲ. ವಿಷಯ ತಿಳಿಸಿದಾಗ ಬಾಪ್ಪು ನಗು ತಡೆಯಲಾರದೆ ಕೆಮ್ಮಿದರು.

“ಪೇಶೆಂಟಿಗೆ ಉಸಿರು ಕಟ್ಟಬಾರದು ಅಂತ ಮಾಡಿದ್ದೀ ನೀನು. ಇದಕ್ಕೆ ಉಸಿರು ಕಟ್ಟಿಸಬೇಕು, ಮಾರಾಯ್ತಿ! ಕಾರ್ಖಾನೆಯಲ್ಲಿ ಮೈದಾ ಗೋಂದು ಮತ್ತು ತೆಳು ಕಾಗದ ಇಡುತ್ತಿದ್ದರು.”

“ಅದನ್ನು ಮೊದಲೇ ಹೇಳಬಾರದಿತ್ತಾ ಪಪ್ಪಾ?”

“ಸಿಸ್ಟರಿಗೆ ನಾನು ಹೇಳುವುದಾ? ಹೆದರಿಕೆ ಆಯಿತು.”

ಟೇಪು ಬಿಡಿಸುವುದು ಅಂಟಿಸಿದ್ದಕ್ಕಿಂತ ದೊಡ್ಡ ಕೆಲಸವಾಯಿತು. ಹಳೆಯ ಕಾಗದದ ಮೇಲ್ಪದರ ಅದರ ಜೊತೆ ಏಳುವ ಹಾಗಿತ್ತು. ಸ್ಪಿರಿಟಿನ ಹನಿಯಿಂದ ಅಂಟನ್ನು ನೆನೆಸಿ ಕೂದಲೆಳೆಯಷ್ಟು ಕೂದಲೆಳೆಯಷ್ಟು ಎತ್ತಿದೆ. ಗೆಳತಿಯ ಅಂಗೈಗಳು ಕಾಗದದ ಮೇಲೆ ಅಲುಗಾಡದೆ ಇದ್ದವು. ಪದರ ಏಳಲಿಲ್ಲ. ಹಾಜಿಯವರ ಅಡುಗೆಮನೆಯಲ್ಲಿ ಮೈದಾ ಕುದಿಸಿ ಗೋಂದು ಮಾಡಿದೆ; ಸುರುಳಿಯ ಖಾಲಿ ತುದಿಯಿಂದಲೇ ಒಂದು ಚೂರು ಕತ್ತರಿಸಿ, ಅಂಟಿಸಿ, ಮೇಲೆ ಭಾರವಿಟ್ಟೆ. ಒಣಗುವವರೆಗೆ ಹಾಜಿ ನಮ್ಮನ್ನು ಕೂರಿಸಿ ಮೀನು, ಅನ್ನ ಬಡಿಸಿದರು. ಬಾಪ್ಪು ತಿನ್ನಲಿಲ್ಲ. ಅವರ ಕಣ್ಣು ಮೇಜಿನ ಮೇಲಿತ್ತು.

ಮೂರನೆಯ ಸಲ ನುಡಿಸುವಾಗ ಬಾಪ್ಪು ಪಿಯಾನೊದ ಹತ್ತಿರ ಕುರ್ಚಿ ಹಾಕಿಸಿಕೊಂಡರು. ತಿರುವು ಬಂದಾಗ ಆ ಮನೆ ಇಳಿಯಿತು, ಸ್ವರ ಬಿತ್ತು, ಅದರ ಹಿಂದೆ ಬೇರೇನೂ ಬರಲಿಲ್ಲ. ಧಾಟಿ ದಾಟಿಕೊಂಡು ಹೋಯಿತು. ಯಾವ ತೊಡಕೂ ಅಲ್ಲಿ ಎಂದೂ ಇರಲೇ ಇಲ್ಲವೆಂಬಂತೆ ಹೋಯಿತು. ಬಾಪ್ಪು ನಡುಗುವ ಕೈ ಚಾಚಿ, ಏಳುತ್ತಿದ್ದ ಮನೆಗಳ ಮೇಲೆ, ಮುಟ್ಟದೆ, ಒಂದು ಕಾಗದದಷ್ಟು ಅಂತರದಲ್ಲಿ ಹಿಡಿದಿದ್ದರು. ಕೆಳಗೆ ಮನೆಗಳು ಏಳುತ್ತ ಇಳಿಯುತ್ತ ಇದ್ದವು. ಮಗಳು ಪೆಡಲನ್ನೂ ನೋಡುತ್ತಿರಲಿಲ್ಲ, ಕಾಗದವನ್ನೂ ನೋಡುತ್ತಿರಲಿಲ್ಲ. ಆ ಕೈಯನ್ನು ನೋಡುತ್ತ ತುಳಿಯುತ್ತಿದ್ದಳು. ಕೊನೆಯ ಸ್ವರಗಳಿಗೆ ಅವಳ ಕಾಲು ತಾನಾಗಿಯೇ ಹಗುರವಾಯಿತು. ಯಾರೂ ಹೇಳಿಕೊಟ್ಟಿರಲಿಲ್ಲ.

“ಹಾಂ. ಈಗ ಮಾರಬಹುದು” ಎಂದರು ಬಾಪ್ಪು.

“ಇನ್ನೊಂದು ಸಲ?” ಎಂದು ಹಾಜಿ ಕೇಳಿದರು.

“ಸಾಕು ಹಾಜಿ. ಖಲಾಸ್. ತಿದಿ ಪಾಪ, ನನ್ನ ಹಾಗೆಯೇ ಉಂಟು.” ಆಮೇಲೆ ನನ್ನ ಕಡೆ ತಿರುಗಿದರು. “ಬಾಯೆ, ರಬ್ಬರ್ ಉಂಟಾ ನಿನ್ನ ಹತ್ತಿರ? ಆ ಗುಮಾಸ್ತ ಬರೆದದ್ದನ್ನೆಲ್ಲ ತೆಗೆದುಬಿಡು. ನೋಡುವವರಿಗೆ ಹುಡುಗ ತಪ್ಪು ಮಾಡಿದ್ದಾನೆ ಅಂತ ಆಗುವುದು ಬೇಡ.”

ಹಾಜಿಯವರ ಮೊಮ್ಮಗಳ ಶಾಲೆಯ ಚೀಲದಿಂದ ರಬ್ಬರ್ ಸಿಕ್ಕಿತು. ಸುರುಳಿಯನ್ನು ಮತ್ತೆ ಮೇಜಿನ ಮೇಲೆ ಬಿಚ್ಚಿದೆವು. ಗೆಳತಿ ಹಿಡಿದುಕೊಂಡಳು, ನಾನು ಉಜ್ಜಿದೆ. ಹಳೆಯ ಪೆನ್ಸಿಲು ಸುಲಭವಾಗಿ ಬಿಟ್ಟಿತು. ಹೊಸದು ಸ್ವಲ್ಪ ಹಟ ಮಾಡಿತು. ಹೆಂಡತಿ ತೀರಿಕೊಂಡ ವರ್ಷದ ಗುರುತು ಬಂದಾಗ ನಾನು ಕೈ ನಿಲ್ಲಿಸಿ ಬಾಪ್ಪುವಿನ ಮುಖ ನೋಡಿದೆ. ಅವರು ಹುಬ್ಬಿನಿಂದಲೇ ಮುಂದೆ ಎಂದರು. ಅದನ್ನೂ ಅಳಿಸಿದೆ. ಅಂಚು ಉದ್ದಕ್ಕೂ ಬರಿದಾಯಿತು. ತೂತುಗಳು ಮಾತ್ರ ಉಳಿದವು. ಸಂಜೆ ಮಗ್ರಿಬ್ ನಮಾಜಿನ ಬಾಂಗು ಕೇಳುವ ಹೊತ್ತಿಗೆ ಸುರುಳಿಯನ್ನು ಬಿಗಿಯಾಗಿ ಸುತ್ತಿ, ದಾರ ಕಟ್ಟಿ, ಗೆಳತಿಯ ಕೈಗೆ ಕೊಟ್ಟೆ. ರಬ್ಬರಿನ ಪುಡಿಯನ್ನು ಬಟ್ಟೆಯಲ್ಲಿ ಒಟ್ಟುಮಾಡಿ ಅಂಗಳದಲ್ಲಿ ಕೊಡವಿ ಬಂದೆ.